ಯಾವ ಮನೆ ಎಂದು ಕೇಳಬಾರದ ಕೋಣೆ

ನನಗೆ ಖಿನ್ನತೆ ಎಂದು ಕುಂದಾಪುರದ ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ಖಿನ್ನತೆ ಬಂದವರು ಅಳುತ್ತಾರೆ, ಊಟ ಬಿಡುತ್ತಾರೆ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ ಎಂದು ನನ್ನ ಅಂದಾಜು. ನಾನು ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೆ. ಅಂಗಡಿಗೆ ಹೋಗಿ ಬ್ಲೌಸ್ ಹೊಲಿಯುತ್ತಿದ್ದೆ. ಮಗು ಹೋದ ಮೇಲೆ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಹಾಗಿದ್ದ ಮೇಲೆ ನನಗೆ ಎಂಥ ಖಿನ್ನತೆ? ನನ್ನನ್ನು ತಲೆ ಕೆಟ್ಟವಳು ಎಂದು ಮಾಡಿ ಬಾಯಿ ಮುಚ್ಚಿಸಲು ಇವರೆಲ್ಲ ಸೇರಿ ನೋಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಪಕ್ಕದಲ್ಲಿ ಕೂತ ಅಮ್ಮನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸರಿ, ಇವಳೂ ಸೇರಿಕೊಂಡಿದ್ದಾಳೆ ಎಂದುಕೊಂಡೆ.

ಈಗ ಹೆಚ್ಚು ಕಡಿಮೆ ಗುಣವಾಗಿದ್ದೇನೆ. ಮಾತ್ರೆ ಕಡಿಮೆಯಾಗಿದೆ, ನಿದ್ದೆ ಬರುತ್ತದೆ. ಇದನ್ನು ಬರೆಯುವುದು ಯಾಕೆಂದರೆ, ಈ ಕಾಯಿಲೆ ಕೆಲವರಿಗೆ ಅಳುವಾಗಿ ಬರುತ್ತದೆ, ನನ್ನಂಥವರಿಗೆ ಸಂಶಯವಾಗಿ ಬರುತ್ತದೆ. ಅಳುವವರ ಹತ್ತಿರ ಜನ ಬಂದು ಕೂರುತ್ತಾರೆ. ಸಂಶಯ ಪಡುವವರನ್ನು ಕಂಡರೆ ಮಾರು ದೂರ ನಿಲ್ಲುತ್ತಾರೆ. ಎಲ್ಲಾದರೂ ಒಬ್ಬಳು ಹಾಗೆ ಒಂಟಿಯಾಗಿ ಕೂತು, ಮನೆಯವರು ಕೊಟ್ಟ ನೀರಿನ ಲೋಟವನ್ನೂ ಮೂಸಿ ನೋಡುತ್ತಿದ್ದರೆ, ಅವಳಿಗೆ ಇದು ತಲುಪಲಿ.

ನನ್ನ ಹೆಸರು ಶ್ಯಾಮಲಾ. ಉಪ್ಪುಂದದಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಊರಿನ ಯಾವ ಹೆಂಗಸು ಬಸುರಿ ಎಂದು ಅವಳ ಅತ್ತೆಗಿಂತ ಮೊದಲು ನನಗೆ ತಿಳಿಯುತ್ತದೆ. ಬ್ಲೌಸಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಿ ಎಂದು ಬರುತ್ತಾರಲ್ಲ. ಒಂದು ಸುದ್ದಿ ಬೆಳಿಗ್ಗೆ ನನ್ನ ಕಟಿಂಗ್ ಮೇಜಿನ ಮೇಲೆ ಬಿದ್ದರೆ ಮಧ್ಯಾಹ್ನಕ್ಕೆ ಕಿರಿಮಂಜೇಶ್ವರ ದಾಟಿರುತ್ತದೆ. ಹಾಗಾಗಿ ಜನರ ಬಾಯಿಯ ಮೇಲೆ ನನಗೆ ಮೊದಲಿನಿಂದಲೂ ಭರವಸೆ ಕಡಿಮೆ. ಕಿರಿಮಂಜೇಶ್ವರ ನನ್ನ ಗಂಡನ ಮನೆ ಇರುವ ಊರು. ಗಂಡ ಪ್ರಕಾಶ್ ಹುಬ್ಬಳ್ಳಿಯಲ್ಲಿ ಪಾಲುದಾರಿಕೆಯ ಹೋಟೆಲು ನೋಡಿಕೊಳ್ಳುತ್ತಾರೆ. ಬಿಡುವು ಸಿಕ್ಕಾಗ ಊರಿಗೆ ಬರುತ್ತಾರೆ. ಹೆರಿಗೆಗೆಂದು ನಾನು ಉಪ್ಪುಂದದ ತವರಿಗೆ ಬಂದಿದ್ದೆ. ಅಲ್ಲಿ ಅಮ್ಮ ಮತ್ತು ಅಣ್ಣ ರಘು.

ಹೆರಿಗೆಯ ದಿನ ರಕ್ತ ನಿಲ್ಲಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಕಣ್ಣು ಮುಚ್ಚಿಹೋಗುವ ಮೊದಲು ಒಂದು ಅಳು ಕೇಳಿದೆ. ಸಣ್ಣದು, ಬೆಕ್ಕಿನ ಮರಿಯ ಹಾಗೆ. ಅದು ಕೇಳಿದ್ದು ಮಾತ್ರ ಸತ್ಯ. ಎಚ್ಚರವಾದಾಗ ಮೈಗೆಲ್ಲ ನಳಿಗೆ ಸಿಕ್ಕಿಸಿದ್ದರು, ತೊಟ್ಟಿಲು ಇರಲಿಲ್ಲ. ಅಮ್ಮನನ್ನು ಕೇಳಿದೆ.

"ಗಂಡ್ ಮಗು ಶ್ಯಾಮಲಾ. ಉಳೀಲಿಲ್ಲ," ಎಂದಳು. "ಎಲ್ಲಾ ಮುಗೀತ್. ನಿನ್ ಗಂಡ ಹೇಳ್ತ್ರ್, ನೀನ್ ಈಗ ಮನಿಕೋ."

ಗಂಡ ಬಂದರು. ಸ್ಟೂಲಿನ ಮೇಲೆ ಕೂತರು. ನನ್ನ ಹೊದಿಕೆ ಸರಿಮಾಡಿದರು, ಗಂಜಿ ಕುಡಿದೆಯಾ ಎಂದು ಕೇಳಿದರು. ಮಗುವಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಹೇಳುವಂಥದ್ದಾದರೆ ಅವರೇ ಹೇಳುತ್ತಾರೆ, ಹೇಳುತ್ತಿಲ್ಲವೆಂದರೆ ಹೇಳಬಾರದ್ದೇನೋ ಇದೆ. ನನ್ನ ಲೆಕ್ಕ ಅಷ್ಟೇ ಇತ್ತು. ಮನೆಗೆ ಬಂದ ಮೇಲೂ ಯಾರೂ ಮಾತು ಎತ್ತಲಿಲ್ಲ. ನಮ್ಮಲ್ಲಿ ಹಸುಗೂಸು ಹೋದರೆ ಬೊಜ್ಜ, ಎಂದರೆ ಉತ್ತರಕ್ರಿಯೆ, ಮಾಡುವುದಿಲ್ಲ, ಹೂತಲ್ಲಿ ಕಲ್ಲು ನೆಡುವುದಿಲ್ಲ, ಹೆಂಗಸರು ಆ ಕಡೆ ಹೋಗುವುದಿಲ್ಲ. ಆದದ್ದು ಆಗಲೇ ಇಲ್ಲ ಎನ್ನುವಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ಗಂಡ ಕೆಲವು ದಿನ ಇದ್ದು ಹುಬ್ಬಳ್ಳಿಗೆ ಹೋದರು. ನನ್ನ ಅತ್ತೆ ನೋಡಲು ಬರಲಿಲ್ಲ. ಫೋನು ಕೂಡ ಮಾಡಲಿಲ್ಲ.

ಆಮೇಲೆ ನನ್ನ ತಲೆ ತಾನೇ ಹೊಲಿಯಲು ಶುರುಮಾಡಿತು. ಅಳು ಕೇಳಿದೆ. ಅತ್ತ ಮಗು ಸತ್ತದ್ದು ಹೇಗೆ? ಸತ್ತದ್ದೇ ಆದರೆ ಎಲ್ಲಿ ಮಣ್ಣು ಮಾಡಿದರು? ಎಲ್ಲಿಯೂ ಇಲ್ಲವೆಂದರೆ ಆಸ್ಪತ್ರೆಯಲ್ಲೇ ಬಿಟ್ಟು ಬಂದರೇ? ಬಿಟ್ಟದ್ದು ಹೆಣವನ್ನೋ ಮಗುವನ್ನೋ? ಅತ್ತೆ ಮುಖ ತೋರಿಸದೆ ಇರುವುದು ಯಾಕೆ? ಒಂದೊಂದಾಗಿ ಎಲ್ಲವೂ ಸರಿಯಾಗಿ ಕೂತವು. ನನ್ನ ಮಗ ಬದುಕಿದ್ದಾನೆ, ಯಾರಿಗೋ ಕೊಟ್ಟಿದ್ದಾರೆ ಎಂದು ಒಂದು ದಿನ ಅನಿಸಿತು. ಅನಿಸಿದ್ದು ಮತ್ತೆ ಹೋಗಲೇ ಇಲ್ಲ. ನನ್ನ ಗಂಡನ ಮನೆಯ ಗಂಡಸರಿಗೆಲ್ಲ ಬಲಗಿವಿಯ ಮುಂದೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ಬಸ್ಸಿನಲ್ಲಿ ಯಾರದ್ದಾದರೂ ಮಡಿಲಲ್ಲಿ ಕೂಸು ಕಂಡರೆ ಅದರ ಬಲಗಿವಿ ನೋಡುತ್ತಿದ್ದೆ. ಒಂದು ದಿನ ಅಂಗಡಿಗೆ ಬಂದ ಹೆಂಗಸಿನ ಕೈಯಿಂದ ಮಗುವನ್ನು ಎತ್ತಿಕೊಂಡು, ಟೊಪ್ಪಿ ತೆಗೆದು, ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಅವಳು ಹೆದರಿ ಮಗುವನ್ನು ಕಿತ್ತುಕೊಂಡು ಹೋದಳು. ಹೊಲಿಯಲು ಕೊಟ್ಟ ಬಟ್ಟೆಯನ್ನೂ ವಾಪಸು ತರಿಸಿಕೊಂಡಳು. ಆ ಸುದ್ದಿ ಸಂಜೆಯೊಳಗೆ ಅಣ್ಣನಿಗೆ ಮುಟ್ಟಿತು. ಹಾಗೆ ನಾನು ಕುಂದಾಪುರದ ಡಾಕ್ಟರ ಎದುರು ಬಂದು ಕೂತದ್ದು.

ಡಾಕ್ಟರು ಮಾತ್ರೆ ಕೊಟ್ಟರು. ನಾನು ಚೀಟಿಯನ್ನು ಬೈಂದೂರಿನ ಒಂದು ಮೆಡಿಕಲ್ಲಿಗೆ ಒಯ್ದು, ಇದು ಯಾವುದಕ್ಕೆ ಕೊಡುವ ಮಾತ್ರೆ ಎಂದು ಕೇಳಿ, ಅವನ ಮೇಲೂ ಭರವಸೆ ಬಾರದೆ ಇನ್ನೊಂದು ಅಂಗಡಿಯಲ್ಲಿ ಕೇಳಿದೆ. ಇಬ್ಬರೂ ಒಂದೇ ಹೇಳಿದರು. ಮೂರನೆಯ ಸಲ ಡಾಕ್ಟರ ಹತ್ತಿರ ಹೋದಾಗ, ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಮಗು ಕಳೆದುಕೊಂಡ ತಾಯಂದಿರು ಒಟ್ಟಿಗೆ ಕೂತು ಮಾತಾಡುತ್ತಾರೆ, ನೀವೂ ಹೋಗಿ ಎಂದರು. ನನ್ನ ದುಃಖವನ್ನು ಹತ್ತು ಜನರ ಎದುರು ಹರಡಿಕೊಳ್ಳಲು ನಾನೇನು ಸಂತೆಗೆ ಬಂದವಳಾ? ಆದರೂ ಒಪ್ಪಿದೆ. ಕಾರಣ ಹೇಳಿದರೆ ನಗುತ್ತೀರಿ. ಅಲ್ಲಿಗೆ ಬರುವವರಲ್ಲಿ ಯಾರದ್ದಾದರೂ ಮಗು ನನ್ನ ಮಗುವಿನ ಹಾಗೆಯೇ ಕಾಣೆಯಾಗಿರಬಹುದು, ಕೇಳಿ ತಿಳಿಯೋಣ ಎಂದು. ರೋಗಿಯಾಗಿ ಹೋದವಳಲ್ಲ ನಾನು, ಪತ್ತೆ ಮಾಡಲು ಹೋದವಳು.

ಮಾಳಿಗೆಯ ಮೇಲಿನ ಆ ಕೋಣೆ ಉಳಿದ ದಿನಗಳಲ್ಲಿ ಬೆನ್ನುನೋವಿನವರು ವ್ಯಾಯಾಮ ಮಾಡುವ ಕೋಣೆ. ಮೂಲೆಯಲ್ಲಿ ದೊಡ್ಡ ದೊಡ್ಡ ರಬ್ಬರ್ ಚೆಂಡು, ಗೋಡೆಗೆ ಕಬ್ಬಿಣದ ಸರಳು. ನಡುವೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದರು. ಕೆಳಗಿನ ಕ್ಯಾಂಟೀನಿನಿಂದ ಬನ್ಸ್ ಕರಿಯುವ ವಾಸನೆ ಬರುತ್ತಿತ್ತು. ಮಾತಾಡಿಸುವವರು ಶ್ರುತಿ ಮೇಡಂ, ಮೈಸೂರು ಕಡೆಯವರು, ನನಗಿಂತ ಚಿಕ್ಕವರು. ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದೆ, ಬ್ಯಾಗು ಮಡಿಲಿನಿಂದ ಇಳಿಸಲಿಲ್ಲ. ಅವರು ಅದನ್ನು ನೋಡಿದರು. ಮುಂದಿನ ವಾರ ಬೇರೆ ಯಾರೋ ಆ ಕುರ್ಚಿಯಲ್ಲಿ ಕೂರಲು ಹೋದಾಗ, "ಅದು ಬೇಡ, ಇಲ್ಲಿ ಬನ್ನಿ" ಎಂದು ಅವರನ್ನು ಬೇರೆ ಕಡೆ ಕರೆದರು. ಆ ಒಂದು ಕುರ್ಚಿಗಾಗಿ ಅವರಿಗೆ ನಾನು ಇವತ್ತಿಗೂ ಋಣಿ.

ಅಲ್ಲಿಯ ನಿಯಮ ಕೇಳಿ. ಇಲ್ಲಿ ಆಡಿದ್ದು ಇಲ್ಲೇ ಉಳಿಯಬೇಕು. ಬರೀ ಹೆಸರು ಹೇಳಬೇಕು. ಊರು ಹೇಳಬಾರದು, ಮನೆ ಹೇಳಬಾರದು, ಯಾವ ಮನೆ ಎಂದು ಯಾರನ್ನೂ ಕೇಳಬಾರದು. ನಮ್ಮ ಕಡೆಯವರಿಗೆ ಯಾವ ಮನೆ ಎಂದು ಕೇಳಬೇಡಿ ಎನ್ನುವುದು, ಎಲೆಯ ಮುಂದೆ ಕೂರಿಸಿ ಅನ್ನ ಮುಟ್ಟಬೇಡಿ ಎಂದ ಹಾಗೆ. ಇಬ್ಬರು ಕುಂದಾಪುರದವರು ಮುಂಬೈಯ ಲೋಕಲ್ ರೈಲಿನಲ್ಲಿ ಎದುರಾದರೂ ಮೊದಲು ಮನೆ, ಆಮೇಲೆ ಬಳಿ, ಆಮೇಲೆ ಸಂಬಂಧ. ಮುಂದಿನ ಸ್ಟೇಷನ್ ಬರುವುದರೊಳಗೆ ಒಬ್ಬ ಮತ್ತೊಬ್ಬನಿಗೆ ಭಾವನೋ ಮಾವನೋ ಆಗಿರುತ್ತಾನೆ. ನಾವು ಆರು ಹೆಂಗಸರು ಆ ಪ್ರಶ್ನೆಯನ್ನು ಗಂಟಲಲ್ಲೇ ಇಟ್ಟುಕೊಂಡು ಕೂತೆವು. ನಾನು ನನ್ನ ಹೆಸರು ಲತಾ ಎಂದೆ. ಎಷ್ಟೋ ವಾರಗಳ ಮೇಲೆ ಗೊತ್ತಾಯಿತು, ಅಲ್ಲಿ ಇನ್ನಿಬ್ಬರು ಸುಳ್ಳು ಹೆಸರಿನವರಿದ್ದರು. ಮೇಡಂಗೆ ನಮ್ಮೆಲ್ಲರ ನಿಜ ಹೆಸರು ಗೊತ್ತಿತ್ತು. ಪಾಪ, ಅವರು ತಪ್ಪದೆ ಸುಳ್ಳು ಹೆಸರಿನಲ್ಲೇ ಕರೆಯುತ್ತಿದ್ದರು.

ಮೊದಲ ಕೆಲವು ವಾರ ನಾನು ಬಾಯಿ ಬಿಡಲಿಲ್ಲ. ಕೇಳಿದೆ. ಒಬ್ಬಳಿಗೆ ಏಳನೇ ತಿಂಗಳಲ್ಲಿ ಹೋದದ್ದು. ಇನ್ನೊಬ್ಬಳದ್ದು ನಾಮಕರಣಕ್ಕೆ ಕರೆದಾದ ಮೇಲೆ. ಯಾರ ಮಗುವೂ ಕಾಣೆಯಾಗಿರಲಿಲ್ಲ. ಎಲ್ಲರ ಮಕ್ಕಳೂ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗಿದ್ದವು. ನನಗೆ ಒಂದು ರೀತಿಯ ಸಿಟ್ಟು ಬರುತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ, ಇವರೆಲ್ಲ ನನಗಿಂತ ಪುಣ್ಯವಂತರು ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆ. ಸತ್ತ ಮಗುವಿನ ವಿಷಯದಲ್ಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಸರೋಜಕ್ಕ ಎಂಬವರು ಹಿರಿಯರು. ಮೂರು ಮಕ್ಕಳನ್ನು ಕಳೆದುಕೊಂಡವರು, ಆದರೂ ನಗಿಸುವವರು. "ನಂದ್ ನಿಜ ಹೆಸ್ರೇ, ಸುಳ್ಳ್ ಹೇಳೂಕೆ ನೆನಪಾಗ್ಲಿಲ್ಲ," ಎಂದು ಮೊದಲ ದಿನವೇ ಹೇಳಿದ್ದರು. ಒಂದು ವಾರ ಮೇಡಂ, ಮನೆಯಲ್ಲಿ ಮಗುವಿನ ನೆನಪು ಹೇಗೆ ಬರುತ್ತದೆ ಎಂದು ಕೇಳಿದರು. ಸರೋಜಕ್ಕ ಹೇಳಿದರು, "ನಂಗೆ ನೆನಪ್ ಬಪ್ಪೂದ್ ಎಂತ ಇಲ್ಲ ಮೇಡಂ. ಮೂರೂ ತೋಟದ್ ಬದೀಲೇ ಇದೊ. ಬಟ್ಟಿ ಒಣ್ಸೂಕೆ ಹೋಪತ್ತಿಗೆ, ಬತ್ತೆ ಮಕ್ಳೇ ಅಂತೆ ನಾನ್, ಬಪ್ಪತ್ತಿಗೆ ಹೋತೆ ಅಂತೆ. ಅಷ್ಟೇ."

"ನಿಮ್ಗೆ ಜಾಗ ಗೊತ್ತಿತ್ತ್," ಎಂದೆ. ಆ ಕೋಣೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಅಳು ಕೇಳಿದ್ದು ಹೇಳಿದೆ. ಯಾರೂ ಏನೂ ಹೇಳದ್ದು ಹೇಳಿದೆ. ಗಂಡ ಮಗುವನ್ನು ಆಸ್ಪತ್ರೆಯಲ್ಲೇ ಬಿಟ್ಟು ಕೈ ತೊಳೆದುಕೊಂಡು ಬಂದಿದ್ದಾರೆ, ಬದುಕಿತ್ತೋ ಸತ್ತಿತ್ತೋ ದೇವರಿಗೇ ಗೊತ್ತು, ಬದುಕಿದ್ದರೆ ಯಾರಿಗೋ ಕೊಟ್ಟಿದ್ದಾರೆ, ನನ್ನ ತವರಿನವರಿಗೂ ಅದು ಗೊತ್ತು ಎಂದೆ. ಉಪ್ಪುಂದ ಎನ್ನಲಿಲ್ಲ, ಕಿರಿಮಂಜೇಶ್ವರ ಎನ್ನಲಿಲ್ಲ, ಹುಬ್ಬಳ್ಳಿಯ ಹೋಟೆಲು ಎಂದು ಮಾತ್ರ ಬಾಯಿ ತಪ್ಪಿ ಬಂತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಬ್ಬಳು ಮಾತ್ರ ತಲೆ ತಗ್ಗಿಸಿದಳು. ಗಿರಿಜಾ ಎಂದು ಹೆಸರು ಹೇಳಿದ್ದವಳು. ಬಿಳಿ ಮುಖದ, ಮೆಲ್ಲಗೆ ಮಾತಾಡುವ ಹೆಂಗಸು. ನಾನು ಮುಗಿಸುವ ಮೊದಲೇ ಎದ್ದು ನೀರು ಕುಡಿಯಲು ಹೊರಗೆ ಹೋದಳು. ಹೋದವಳು ಆ ದಿನ ವಾಪಸು ಒಳಗೆ ಬರಲಿಲ್ಲ.

ಮುಂದಿನ ವಾರ ಗಿರಿಜಾ ನನ್ನ ಪಕ್ಕದ ಕುರ್ಚಿಗೇ ಬಂದು ಕೂತಳು. ಚಹಾ ತಂದುಕೊಟ್ಟಳು. ಹೆಮ್ಮಾಡಿ ಸೇವಂತಿಗೆ ಮಾಲೆಯ ಒಂದು ತುಂಡು ನನಗೂ ಎಂದು ತಂದಿದ್ದಳು. ಪರಿಚಯವಿಲ್ಲದ ಹೆಂಗಸು ಇದ್ದಕ್ಕಿದ್ದ ಹಾಗೆ ಹೂ ತಂದುಕೊಟ್ಟರೆ ಯಾರಿಗಾದರೂ ಸಂಶಯ ಬರುತ್ತದೆ, ನನಗೆ ಬಾರದೆ ಇರುತ್ತದೆಯೇ? ಮುಡಿಯಲಿಲ್ಲ, ಬ್ಯಾಗಿಗೆ ಹಾಕಿಕೊಂಡೆ. ಸಂಜೆ ಬ್ರಹ್ಮಾವರದಲ್ಲಿ ನಾನು ಹತ್ತಿದ ಬಸ್ಸನ್ನೇ ಅವಳೂ ಹತ್ತಿದಳು. ಕುಂಭಾಶಿ ಬಂದಾಗ ಇಳಿಯಲು ಎಂದು ಎದ್ದಳು, ನನ್ನನ್ನು ತಿರುಗಿ ನೋಡಿದಳು, ಮತ್ತೆ ಕೂತಳು. ಕುಂದಾಪುರದಲ್ಲಿ ನಾನು ಬೇರೆ ಬಸ್ಸು ಹತ್ತುವವರೆಗೂ ಬಸ್‌ಸ್ಟ್ಯಾಂಡಿನ ಕಂಬದ ಹಿಂದೆ ನಿಂತಿದ್ದಳು. ಎರಡು ವಾರ ಹೀಗೇ ಆಯಿತು.

ನನಗೆ ಅರ್ಥವಾಯಿತು ಎಂದುಕೊಂಡೆ. ಇವಳು ಅತ್ತೆ ಕಳಿಸಿದ ಹೆಂಗಸು. ನಾನು ಏನು ಹೇಳುತ್ತೇನೆ, ಎಷ್ಟು ಗೊತ್ತು ಮಾಡಿಕೊಂಡಿದ್ದೇನೆ ಎಂದು ತಿಳಿದು ಬಾ ಎಂದು ಕಳಿಸಿದ್ದಾರೆ. ಇವಳ ಮಗು ಹೋದದ್ದೂ ಸುಳ್ಳಿರಬೇಕು. ಮರುವಾರ ನಾನು ಹೋಗಲಿಲ್ಲ. ಅದರ ಮರುವಾರವೂ ಹೋಗಲಿಲ್ಲ. ಮಾತ್ರೆಯನ್ನೂ ಬಿಟ್ಟೆ. ಅಮ್ಮ ಅನ್ನ ಬಡಿಸಿದರೆ ಅವಳು ತಿಂದ ಮೇಲೆಯೇ ನಾನು ತುತ್ತು ಎತ್ತುತ್ತಿದ್ದೆ. ಅಂಗಡಿಯಲ್ಲಿ ಒಬ್ಬಳ ಅಳತೆಯಲ್ಲಿ ಇನ್ನೊಬ್ಬಳ ಬ್ಲೌಸ್ ಹೊಲಿದು ಇಟ್ಟೆ. ಆ ದಿನಗಳನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಕೆಸರಿನಲ್ಲಿ ಕಾಲು ಹೂತಿದೆ ಎಂದು ಗೊತ್ತಿದ್ದೂ ಎತ್ತಲು ಮನಸ್ಸಿರಲಿಲ್ಲ.

ಶ್ರುತಿ ಮೇಡಂ ಫೋನು ಮಾಡಿದರು. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಬರೋದು ಬಿಡೋದು ನಿಮಗೆ ಬಿಟ್ಟಿದ್ದು ಲತಾ. ಆದ್ರೆ ಬಿಡೋದಾದ್ರೆ ಎದುರಿಗೆ ಬಂದು ಹೇಳಿ ಬಿಡಿ. ನಿಮ್ಮ ಕುರ್ಚಿ ಖಾಲಿ ಇಟ್ಕೊಂಡು ಕೂತ್ಕೊಳ್ಳೋದು ನಮಗೂ ಕಷ್ಟ," ಎಂದರು. ಫೋನಿನಲ್ಲೂ ಲತಾ ಎಂದೇ ಕರೆದದ್ದು ನನಗೆ ಯಾಕೋ ತಟ್ಟಿತು. ಹೋಗುತ್ತೇನೆ, ಹೇಳಿಯೇ ಬಿಡುತ್ತೇನೆ, ಹೇಳುವಾಗ ಆ ಹೆಂಗಸಿನ ಬಣ್ಣ ಬಯಲು ಮಾಡಿ ಬರುತ್ತೇನೆ ಎಂದುಕೊಂಡೆ.

ಕೋಣೆಗೆ ಹೋದವಳು ಕೂರಲಿಲ್ಲ. ನಿಂತೇ ಕೇಳಿದೆ. "ಗಿರಿಜಾ, ನಿಮ್ಮನ್ನ ಇಲ್ಲಿಗೆ ಕಳ್ಸದ್ ಯಾರ್?"

ಅವಳು ಬೆಚ್ಚಿದಳು. ನನ್ನನ್ನು ನೋಡಿ, ಮೇಡಂ ಕಡೆ ನೋಡಿದಳು. "ಮೇಡಂ, ನಾನ್ ರೂಲ್ ಮುರೀಕ್. ಮುರೀದಿದ್ರೆ ನಂಗೆ ಆತಿಲ್ಲ," ಎಂದಳು.

"ಯಾವ ರೂಲು?" ಎಂದರು ಮೇಡಂ.

"ಮನಿ ಹೇಳ್ಕ್."

ಮೇಡಂ, "ನನ್ನನ್ನ ಕೇಳಬೇಡಿ, ಅವರನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದರು. ಗಿರಿಜಾ ನನ್ನನ್ನು ಕೇಳಿದಳು, "ಹೇಳ್ಲಾ?" ನಾನು ಹೇಳು ಎಂದೆ.

"ನೀವ್ ಕಿರಿಮಂಜೇಶ್ವರಕ್ಕೆ ಕೊಟ್ಟದ್, ಅಲ್ದಾ? ನಿಮ್ ಅತ್ತಿ, ನಮ್ ಅಬ್ಬಿ, ಅಕ್ಕತಂಗಿ ಮಕ್ಳ್. ಹುಬ್ಬಳ್ಳಿ ಹೋಟ್ಲ್ ಅಂದ್ ಕೂಡ್ಲೆ ನಂಗೆ ಗುರ್ತ ಸಿಕ್ತ್. ನೀವ್ ಹೇಳದ್ ಹಾಂಗಲ್ಲ ಅದ್. ನಿಮ್ ಮಗು ಆಸ್ಪತ್ರೆಯಂಗೆ ಇಲ್ಲ. ಉಪ್ಪುಂದದಂಗೆ ನಿಮ್ ತೌರ್ಮನಿ ಹಿಂದೇ ಮಣ್ಣ್ ಮಾಡಿರ್. ಆ ಜಾಗದ್ ಮಾತಿಗೇ ಎರ್ಡ್ ಮನಿ ನಡು ಬೇಜಾರಾದ್ದ್. ನಿಮ್ ಅತ್ತಿ ನಮ್ಮನಿಗ್ ಬಂದ್ ಹೇಳಿ ಅತ್ತಿದ್ರ್, ನಮ್ ಮೊಮ್ಮಗನ್ನ ನಮ್ ಜಾಗಕ್ಕೆ ತರೂಕೆ ಬಿಡ್ಲಿಲ್ಲ ಅಂದ್ಕಂಡ್. ನೀವಿಲ್ಲಿ ಮಗು ಬದ್ಕಿತ್ತ್ ಅಂತ್ರಿ. ನಂಗೆ ಗೊತ್ತಿತ್ತ್, ಹೇಳೂಕಿಲ್ಲ. ಬಸ್ಸಂಗೆ ಬಂದೆ, ಬಸ್ಸ್‌ಸ್ಟ್ಯಾಂಡಂಗೆ ಬಂದೆ, ಬಾಯಿಗೇ ಬರ್ಲಿಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ ಮಗು ಹೋದ್ದ್ ಸುಳ್ಳಲ್ಲ. ಅದ್ ಒಂದ್ ನಂಬಿ."

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಬ್ಬಿ ಎಂದರೆ ಅಮ್ಮ. ನಮ್ಮದು ಅಳಿಯಕಟ್ಟಿನ ಪದ್ಧತಿ. ಮಗು ಸೇರುವುದು ತಾಯಿಯ ಬಳಿಗೆ. ಬಳಿ ಎಂದರೆ ಉಳಿದವರ ಗೋತ್ರದ ಹಾಗೆ, ಆದರೆ ತಾಯಿಯ ಕಡೆಯಿಂದ ಬರುವುದು. ಹುಟ್ಟಿದ ಮಗು ನಮ್ಮ ಮನೆಯದ್ದಾದರೆ ಸತ್ತ ಮಗುವೂ ನಮ್ಮ ಮನೆಯದ್ದೇ, ಹಾಗಾಗಿ ನಮ್ಮ ಜಾಗದಲ್ಲೇ ಮಣ್ಣಾಗಬೇಕು ಎಂದು ನನ್ನ ಅಮ್ಮ, ಅಣ್ಣ ಪಟ್ಟು ಹಿಡಿದಿರಬಹುದು. ಪದ್ಧತಿ ನೋಡಿದರೆ ಗಿರಿಜಾ ಹೇಳಿದ್ದು ನಡೆದಿರಲು ಸಾಧ್ಯವಿತ್ತು. ಆದರೂ ನಾನು ಪೂರ್ತಿ ನಂಬಲಿಲ್ಲ. ಅತ್ತೆಯೇ ಹೇಳಿಕೊಟ್ಟು ಕಳಿಸಿದ ಮಾತು ಇದಾಗಿರಬಾರದೇಕೆ? ಸರೋಜಕ್ಕ ನನ್ನ ಮುಖ ಓದಿದವರ ಹಾಗೆ, "ಇವ್ಳನ್ನೂ ನಂಬ್ಬ್ಯಾಡ, ನಮ್ಮನ್ನೂ ನಂಬ್ಬ್ಯಾಡ. ಮನಿಗ್ ಹೋಯ್ ಕೇಣ್. ನೀ ಇಷ್ಟ್ ದಿನ ಕೇಂಡೇ ಇಲ್ಯಲೆ ಮಾರಾಯ್ತಿ," ಎಂದರು.

ಅದು ನಿಜ. ಆಸ್ಪತ್ರೆಯಲ್ಲಿ ಅಮ್ಮನನ್ನು ಕೇಳಿದ್ದು ಬಿಟ್ಟರೆ ನಾನು ಯಾರನ್ನೂ ಕೇಳಿರಲಿಲ್ಲ.

ಮನೆಗೆ ಹೋದಾಗ ಅಮ್ಮ ಒಲೆಯ ಮುಂದೆ ಮೀನಿನ ಸಾರು ಕುದಿಸುತ್ತಿದ್ದಳು. ಬ್ಯಾಗು ಕೆಳಗಿಡದೆ ಕೇಳಿದೆ. "ಮಗುನ್ನ ಎಲ್ಲಿ ಮಣ್ಣ್ ಮಾಡದ್?"

ಅವಳು ಸೌಟು ಹಿಡಿದುಕೊಂಡೇ ತಿರುಗಿದಳು. "ಎಂತ ಕೇಂತೆ ಹೆಣೆ? ಹಿಂದ್ಗಡೆ ಹಕ್ಲಂಗೆ. ನಿನ್ ಗಂಡ ಹೇಳ್ಲಿಲ್ಯಾ?"

ಹಕ್ಲು ಎಂದರೆ ಮನೆಯ ಹಿಂದಿನ ಪಾಳು ಜಾಗ. ನಾನು ಅಲ್ಲೇ ನಿಂತು ಗಂಡನಿಗೆ ಫೋನು ಮಾಡಿದೆ. ಹೋಟೆಲಿನ ತಟ್ಟೆ ಲೋಟದ ಸದ್ದಿನ ನಡುವೆ ಅವರ ದನಿ. "ನಿಂಗೆ ರಘು ಹೇಳ್ಲಿಲ್ಯಾ? ನಿಮ್ಮನಿ ಮಗು, ನಿಮ್ಮನಿ ಜಾಗ ಅಂದಿರ್. ಮತ್ತೆ ನಾನ್ ಎಂತ ಹೇಳೂದ್? ಅವ್ರೇ ಹೇಳಿರ್ತ್ರ್ ಅಂದ್ಕಂಡೆ. ನೀ ಮಾತೇ ಎತ್ತದೆ ಇಪ್ಪತ್ತಿಗೆ, ನಿಂಗೂ ನನ್ ಮೇಲ್ ಸಿಟ್ಟ್ ಅಂದೇ ಇದ್ದೆ." ಅಣ್ಣ ಸಂಜೆ ಬಂದ. ಅವನ ಉತ್ತರವೂ ಅದೇ. "ಅದ್ ಗಂಡ ಹೆಂಡ್ತಿ ನಡು ಮಾತ್. ಭಾವ ಹೇಳೂದ್ ಬಿಟ್ಟ್ ನಾನ್ ಹ್ಯಾಂಗೆ ಬಾಯ್ ಹಾಕೂದ್?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿರಾಳವಾಗುತ್ತಿದ್ದರು. ನನಗೆ ಆಗಲಿಲ್ಲ. ಮೂವರೂ ಇಷ್ಟು ಸರಿಯಾಗಿ ಒಂದೇ ಮಾತು ಹೇಳುತ್ತಾರೆ ಎಂದರೆ ಮೊದಲೇ ಮಾತಾಡಿಕೊಂಡಿದ್ದಾರೆ. ಗಿರಿಜಾಳಿಂದ ಹಿಡಿದು ಅಣ್ಣನವರೆಗೆ ಒಂದೇ ಕತೆ, ಒಂದೇ ದಾರದ ಹೊಲಿಗೆ. ಹಕ್ಲಿನಲ್ಲಿ ಮಣ್ಣು ಮಾಡಿದ್ದೇವೆ ಎಂದು ಹೇಳುವುದಕ್ಕೆ ಯಾರಿಗೆ ಏನು ಖರ್ಚು? ಅಲ್ಲಿ ಕಲ್ಲಿಲ್ಲ, ಗುರುತಿಲ್ಲ. ನನ್ನ ಮಗ ಬದುಕಿಲ್ಲ ಎನ್ನುವುದಕ್ಕೆ ನನಗೆ ಇವರ ಬಾಯಿ ಮಾತು ಬಿಟ್ಟು ಬೇರೆ ಏನೂ ಇರಲಿಲ್ಲ. "ಭಾನುವಾರ ಬನ್ನಿ," ಎಂದು ಗಂಡನಿಗೆ ಮತ್ತೆ ಫೋನು ಮಾಡಿ ಹೇಳಿದೆ. "ಬಂದು ಜಾಗ ತೋರ್ಸಿ."

ಭಾನುವಾರ ಬೆಳಿಗ್ಗೆ ಅವರು ಬಂದರು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಅಣ್ಣ ಮತ್ತು ಅವರು ಮುಖ ಕೊಟ್ಟು ಮಾತಾಡಿರಲಿಲ್ಲ ಎಂಬುದು ಅಂಗಳದಲ್ಲಿ ಇಬ್ಬರೂ ನಿಂತ ರೀತಿಯಲ್ಲೇ ತಿಳಿಯಿತು. ಚಹಾ ಕುಡಿಯಲಿಲ್ಲ. ನಾವು ನಾಲ್ವರೂ ಹಿಂದೆ ಹೋದೆವು. ಅಮ್ಮ, ಹೆಂಗಸರು ಹೋಗುವುದಲ್ಲ ಎಂದು ಒಮ್ಮೆ ಹೇಳಿ, ನಾನು ನಿಲ್ಲದ್ದು ಕಂಡು ತಾನೂ ಹಿಂದೆ ಬಂದಳು. ಮಳೆಗಾಲ ಒಂದು ಕಳೆದಿತ್ತು. ಹಕ್ಲು ತುಂಬ ಹುಲ್ಲು, ಕೆಂಪು ಮರಳುಮಣ್ಣು ನೀರಿಗೆ ಕೊಚ್ಚಿ ಸಮವಾಗಿತ್ತು. ಒಂದು ಗೇರು ಮರ, ಆಚೆ ಕೆಂಪುಕಲ್ಲಿನ ಕಂಪೌಂಡು.

ಗಂಡ ಸೀದಾ ಹೋಗಿ ಗೇರು ಮರದ ಈಚೆ ನಿಂತರು. "ಇಲ್ಲೇ," ಎಂದರು.

"ಅಲ್ಲ ಭಾವ," ಎಂದ ಅಣ್ಣ. "ಅಲ್ಲಿ ಬೇರ್ ಸಿಕ್ತ್ ಅಂದೇಳಿ ಆಚಿಗ್ ಹೋದ್ದಲ್ದಾ? ಇಲ್ಲಿ, ಕಂಪೌಂಡ್ ಬದೀಲಿ."

"ಬೇರ್ ಕಡ್ದ್ ಮಾಡದ್ ರಘು. ಕತ್ತಿ ತಂದ್ಕೊಟ್ಟದ್ ನೀನೇ."

"ಕತ್ತಿ ತಂದೆ, ಹೌದ್. ಕಡ್ದ್ರೂ ಆಯ್ಲಿಲ್ಲ. ಹೊಂಡ ತೆಗ್ದದ್ ನಾನ್, ನಂಗೆ ಗೊತ್ತಿಲ್ದಾ?"

"ನೀನ್ ಹೊಂಡ ತೆಗ್ದೆ. ಮಗುನ್ನ ಹಿಡ್ಕಂಡ್ ಇಳ್ದದ್ ನಾನ್." ಗಂಡನ ದನಿ ಏರಿತು. "ತಲ್ಯಡಿಗೆ ಕೈ ಕೊಟ್ಟ್ ಮಲ್ಗ್ಸದ್ ನಾನ್. ತಲಿ ಸಮುದ್ರದ್ ಬದಿಗಿತ್ತ್. ನಾನ್ ಮರೀತ್ನಾ?"

"ತಲಿ ಸಮುದ್ರದ್ ಬದಿಗಲ್ಲ, ಮನಿ ಬದಿಗೆ," ಎಂದಳು ಅಮ್ಮ. ನಾವೆಲ್ಲ ತಿರುಗಿ ನೋಡಿದೆವು. ಅವಳು ಇಬ್ಬರಿಗೂ ಸೇರದ ಇನ್ನೊಂದು ಜಾಗದಲ್ಲಿ, ಹುಲ್ಲಿನ ನಡುವೆ ನಿಂತಿದ್ದಳು. "ನಾನ್ ಹಿಂದಿನ್ ಬಾಗ್ಲಂಗೆ ನಿಂತ್ ಕಂಡೆ. ನೀವ್ ಹೋದ್ಮೇಲೆ ಬಂದ್ ಹಾಲ್ ಬಿಟ್ಟದ್ ಇಲ್ಲೇ. ಮಣ್ಣ್ ಹಸಿ ಇದ್ದಿತ್. ನಿಮ್ಗಿಬ್ರಿಗೂ ತಲಿ ಸಮ ಇಲ್ಲ."

ಅಣ್ಣ ಅಮ್ಮನ ಮೇಲೆ ರೇಗಿದ. ಗಂಡ ಗೇರು ಮರದ ಬುಡದಲ್ಲಿ ಕೂತು, ಕಡಿದ ಬೇರಿನ ಗಾಯ ಕಾಣುತ್ತದೆಯೇ ಎಂದು ಕೈಯಿಂದ ಮಣ್ಣು ಕೆದಕತೊಡಗಿದರು. ಅವರ ಬಿಳಿ ಅಂಗಿಯ ತೋಳು ಕೆಂಪಾಯಿತು. ಅಮ್ಮ ತಾನು ನಿಂತಲ್ಲಿಂದ ಒಂದು ಹೆಜ್ಜೆ ಕದಲಲಿಲ್ಲ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರದ್ದೂ ಒಬ್ಬರಿಗೆ ಹೊಂದುತ್ತಿರಲಿಲ್ಲ.

ನಾನು ನೋಡುತ್ತ ನಿಂತೆ. ಕತೆ ಕಟ್ಟಿದವರು ಮರ ಯಾವುದು, ಬದಿ ಯಾವುದು ಎಂದು ಮೊದಲೇ ಗೊತ್ತು ಮಾಡಿಕೊಂಡು ಬಂದಿರುತ್ತಾರೆ. ಇವರು ಮಾಡಿಕೊಂಡಿರಲಿಲ್ಲ. ಮೂವರೂ ಆ ದಿನ ಇಲ್ಲಿದ್ದರು, ಮೂವರಿಗೂ ಕಣ್ಣು ಮಂಜಾಗಿತ್ತು, ಮೂವರೂ ತಮಗೆ ಕಂಡಷ್ಟನ್ನು ಇಷ್ಟು ಕಾಲ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನ್ನ ಮಗ ಸತ್ತಿದ್ದಾನೆ, ಅವನು ಇಲ್ಲೇ ಇದ್ದಾನೆ ಎಂದು ನಾನು ನಂಬಿದ್ದು ಆಗ.

"ಹ್ಯಾಂಗಿದ್ದ?" ಎಂದು ಕೇಳಿದೆ. ಗಂಡ ಮಣ್ಣಾದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. "ಬೆರಳ್ ಉದ್ದ ಇದ್ದಿತ್ ಶ್ಯಾಮಲಾ," ಎಂದರು. "ನಿನ್ನ ಹಾಂಗೆ."

"ಉದ್ದ ಎಲ್ಲಿತ್ ಭಾವ, ಅಷ್ಟೇನ್ ಇರ್ಲಿಲ್ಲ," ಎಂದ ಅಣ್ಣ, ಅಳುತ್ತಾ.

ಮತ್ತೆ ಶುರುವಾಯಿತು. ನಾನು ಬಿಡಿಸಲು ಹೋಗಲಿಲ್ಲ. ಗೇರು ಮರಕ್ಕೂ ಕಂಪೌಂಡಿಗೂ ಅಮ್ಮ ನಿಂತ ಹುಲ್ಲಿಗೂ ನಡುವೆ ಒಂದು ಜಾಗ ನೋಡಿ, ಅಲ್ಲಿ ಕೂತು ಅಳತೊಡಗಿದೆ.